ಅಪ್ಪ ಉಳಿಸಿದ ಕಾಡನ್ನು ದಾನ ಕೊಟ್ಟರೆ ಅದು ಕಾಡಾಗಿಯೇ ಉಳಿಯುತ್ತದೆಯೇ?

ಪ್ರಶ್ನೆ: ವಕೀಲರೇ, ನಮಸ್ಕಾರ. ಸಾಗರ ತಾಲ್ಲೂಕಿನಲ್ಲಿ ಅಪ್ಪನಿಂದ ನನಗೆ ಬಂದ ಒಂಬತ್ತು ಎಕರೆ ದಟ್ಟ ಕಾಡಿದೆ. ನಡುವೆ ರಾಮಪತ್ರೆ ಜೌಗು, ಅಂದರೆ ರಾಮಪತ್ರೆ ಮರಗಳು ಬೆಳೆದ ಜೌಗು ನೆಲ. ಬೇಸಿಗೆಯಲ್ಲೂ ಕೆಸರು ಆರುವುದಿಲ್ಲ, ಮಡಿಸಿದ ಮೊಣಕಾಲಿನಂತೆ ಬೇರುಗಳು ಮೇಲೆದ್ದಿವೆ. ಸಿಂಗಳೀಕಗಳು ಬಂದು ಹೋಗುತ್ತವೆ. ನನಗೆ ಮಕ್ಕಳಿಲ್ಲ. ಪರಿಸರ ಟ್ರಸ್ಟ್ ಒಂದಕ್ಕೆ ದಾನ ಕೊಟ್ಟು, 'ಎಂದಿಗೂ ಮಾರಬಾರದು' ಎಂದು ದಾನಪತ್ರದಲ್ಲಿ ಬರೆಸಿದರೆ ಸಾಕೇ?

ಉತ್ತರ: ಸಾಲದು, ಅಮ್ಮ. ಆ ಒಂದು ಸಾಲನ್ನು ನೆಚ್ಚಿಕೊಳ್ಳಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಂ ಪ್ರಕಾರ, ಪಡೆದವರು ಪರಭಾರೆ (ಇನ್ನೊಬ್ಬರಿಗೆ ಮಾರಾಟ ಅಥವಾ ವರ್ಗಾವಣೆ) ಮಾಡಲೇಬಾರದು ಎಂಬ ಸಂಪೂರ್ಣ ನಿರ್ಬಂಧ ಊರ್ಜಿತವಾಗುವುದಿಲ್ಲ. ಇತ್ತ ದಾನವೋ, ನೋಂದಣಿಯಾದ ಮೇಲೆ ಮನಸ್ಸು ಬದಲಾಯಿತೆಂದು ಹಿಂಪಡೆಯಲು ಬರುವುದಿಲ್ಲ.

ಮೊದಲು ಪಹಣಿ ತೆಗೆಸಿ, ಕಾಡು ನಿಮ್ಮ ಒಡೆತನದ್ದೇ ಎಂದು ನೋಡಿಕೊಳ್ಳಿ. ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟವನ್ನು ಮೂರು ತಲೆಮಾರು ಕಾಪಾಡಿಕೊಂಡು ಬಂದ ಮನೆಯವರು ಅದು ತಮ್ಮದೇ ಎಂದು ನಂಬಿರುತ್ತಾರೆ. ಅಲ್ಲಿರುವುದು ಬಳಕೆಯ ಸೌಲಭ್ಯ ಮಾತ್ರ, ಒಡೆತನವಲ್ಲ, ದಾನ ಕೊಡಲಾಗದು. ಈ ಮಾತು ಹೇಳುವಾಗ ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ.

ನಿಮ್ಮದು ಸ್ವಂತ ಹಿಡುವಳಿಯೇ ಆಗಿದ್ದರೆ, ದಾನಕ್ಕೆ ಮುಂಚೆ 'ಸಮುದಾಯ ಮೀಸಲು' ಘೋಷಣೆಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿ ಸೇರಿಸಿದ 36ಸಿ ಕಲಂ, ವ್ಯಕ್ತಿಯೊಬ್ಬರು ತಾವಾಗಿಯೇ ಮುಂದೆ ಬಂದರೆ ಖಾಸಗಿ ಜಮೀನನ್ನೂ ಹೀಗೆ ಘೋಷಿಸಲು ರಾಜ್ಯ ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲೇ. ಘೋಷಣೆಯಾದ ಮೇಲೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ಆ ನಿರ್ಬಂಧ ಅಂಟಿಕೊಳ್ಳುವುದು ನೆಲಕ್ಕೆ. ನಾಳೆ ಟ್ರಸ್ಟಿನ ಪದಾಧಿಕಾರಿಗಳು ಬದಲಾದರೂ ಅದು ಹಾಗೆಯೇ ಇರುತ್ತದೆ.

ಮರುಪ್ರಶ್ನೆ: ಘೋಷಣೆಯಾದರೆ ಜಮೀನು ಸರ್ಕಾರದ್ದಾಗುತ್ತದೆಯೇ? ಇನ್ನೊಂದು, ಕೊಡುವ ಮುನ್ನ ಅಡಿಗಾಡು ಸವರಿ, ಜೌಗಿನ ನೀರು ಹೊರಹೋಗಲು ಕಾಲುವೆ ತೆಗೆಸಿ ಚೊಕ್ಕಟ ಮಾಡಿಸಿ ಎನ್ನುತ್ತಿದ್ದಾರೆ ನೆಂಟರು.

ಉತ್ತರ: ಇಲ್ಲ, ಒಡೆತನ ನಿಮ್ಮಲ್ಲೇ ಉಳಿಯುತ್ತದೆ. ಸಂರಕ್ಷಣಾ ಮೀಸಲು ಎಂಬುದು ಬೇರೆ. ಅದು ಸರ್ಕಾರಿ ಜಮೀನಿಗೆ. ಹೆಸರು ಹತ್ತಿರವಿರುವುದರಿಂದ ಅರ್ಜಿಯಲ್ಲಿ ಅದಲುಬದಲಾಗದಂತೆ ನೋಡಿಕೊಳ್ಳಿ.

ಕಾಲುವೆ ಮಾತ್ರ ಬೇಡವೇ ಬೇಡ, ಕೈಮುಗಿದು ಕೇಳುತ್ತೇನೆ. ಆ ಮೊಣಕಾಲು ಬೇರುಗಳು ಮರ ಉಸಿರಾಡುವ ದಾರಿ. ನಿಂತ ನೀರಿನಲ್ಲಿ ಬಾಳಲೆಂದೇ ಬಂದವು. ಜೌಗಿನ ರಾಮಪತ್ರೆಯ ಬೀಜ ಒಣಗಿದರೆ ಮೊಳೆಯುವುದಿಲ್ಲ. ನೀರು ಹರಿದುಹೋದರೆ ದೊಡ್ಡ ಮರಗಳು ಕೆಲವು ವರ್ಷ ನಿಂತಿರಬಹುದು, ಕೆಳಗೆ ಸಸಿ ಏಳುವುದಿಲ್ಲ. ಅಡಿಗಾಡನ್ನೂ ಮುಟ್ಟಬೇಡಿ. ಸರ್ವೆ ಮಾಡಿಸಿ, ಗಡಿ ಕಲ್ಲು ನೆಡಿಸಿ; ಅರ್ಜಿಗೆ ನಕ್ಷೆ ಮತ್ತು ಪಹಣಿಯ ಜೊತೆ ಬೇಸಿಗೆಯಲ್ಲಿ ತೆಗೆದ ಜೌಗಿನ ಫೋಟೊಗಳನ್ನು ಲಗತ್ತಿಸಿ.