ಪದಚರ್ಚೆ: ಮಾಸ್ಟರ್ ಶೆಡ್ಯೂಲ್‌ಗೂ ಎಂಆರ್‌ಪಿಗೂ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಸಣ್ಣ ಕಾರ್ಖಾನೆಗಳಲ್ಲಿ ಸ್ಟೋರ್ಸ್, ಪ್ಲಾನಿಂಗ್ ನೋಡಿಕೊಳ್ಳುವವರಿಗಾಗಿ ಇಆರ್‌ಪಿ ಸಾಫ್ಟ್‌ವೇರ್ (ಸ್ಟಾಕ್, ತಯಾರಿಕೆ, ಖರೀದಿ, ಹಣದ ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್) ಬಗ್ಗೆ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಹೆಸರುಗಳ ಹತ್ತಿರ ಪೆನ್ನು ನಿಂತಿದೆ. ಒಂದು ಮಾಸ್ಟರ್ ಪ್ರೊಡಕ್ಷನ್ ಶೆಡ್ಯೂಲಿಂಗ್, ಅಂದರೆ ಎಂಪಿಎಸ್. ಇನ್ನೊಂದು ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್, ಅಂದರೆ ಎಂಆರ್‌ಪಿ.

ಪದಕ್ಕೆ ಪದ ಇಟ್ಟರೆ 'ಪ್ರಧಾನ ಉತ್ಪಾದನಾ ಯೋಜನೆ', 'ಸಾಮಗ್ರಿ ಅವಶ್ಯಕತಾ ಯೋಜನೆ' ಎಂದಾಗುತ್ತದೆ. ಎರಡೂ ಯೋಜನೆಯೇ. ಓದಿದವರಿಗೆ ಒಂದು ದೊಡ್ಡದು, ಇನ್ನೊಂದು ಚಿಕ್ಕದು ಅನ್ನಿಸುತ್ತದೆ ಅಷ್ಟೇ. ನನಗೆ ಕಾಣುವ ವ್ಯತ್ಯಾಸ ಬೇರೆ: ಮೊದಲನೆಯದು ತೀರ್ಮಾನ, ಎರಡನೆಯದು ಲೆಕ್ಕ.

ಸೀಲಿಂಗ್ ಫ್ಯಾನ್ ಮಾಡುವ ಕಾರ್ಖಾನೆ ಇದೆ ಎಂದುಕೊಳ್ಳಿ. ಏಪ್ರಿಲ್ ಮೊದಲ ವಾರಕ್ಕೆ ಡೀಲರ್‌ಗಳು 800 ಫ್ಯಾನ್ ಕೇಳಿದ್ದಾರೆ. ವಾರಕ್ಕೆ ಜೋಡಿಸಲು ಆಗುವುದು 500. ಉಳಿದ 300 ಅನ್ನು ಮಾರ್ಚ್‌ನಲ್ಲೇ ಮಾಡಿಡಬೇಕಾ? ಹಾಗೆ ಮಾಡಿದರೆ ಗೋಡೌನಿನಲ್ಲಿ ಜಾಗ ಬೇಕು, ದುಡ್ಡೂ ಸಿಕ್ಕಿಹಾಕಿಕೊಳ್ಳುತ್ತದೆ. ಓವರ್‌ಟೈಮ್ ಮಾಡಿಸಬೇಕಾ? ಇಲ್ಲಾ ಕೆಲವು ಡೀಲರ್‌ಗಳಿಗೆ ಒಂದು ವಾರ ತಡ ಅಂತ ಹೇಳಿಬಿಡಬೇಕಾ? ಇದಕ್ಕೆ ಸರಿಯುತ್ತರ ಅಂತ ಒಂದಿಲ್ಲ. ಮಾರಾಟದವರು, ಪ್ರೊಡಕ್ಷನ್‌ನವರು, ದುಡ್ಡು ನೋಡುವವರು ಕೂತು ಜಗಳವಾಡಿ ಒಪ್ಪಬೇಕು. ಒಪ್ಪಿದ ಮೇಲೆ ಯಾವ ಮಾಡೆಲ್, ಎಷ್ಟು, ಯಾವ ವಾರ ಎಂದು ಬರೆದಿಟ್ಟ ಪಟ್ಟಿಯೇ ಮಾಸ್ಟರ್ ಶೆಡ್ಯೂಲ್. ಮಾರಾಟದ ಅಂದಾಜೇ ಬೇರೆ, ಈ ಪಟ್ಟಿಯೇ ಬೇರೆ. ಅಂದಾಜು ಗಿರಾಕಿ ಏನು ಕೇಳಬಹುದು ಎನ್ನುತ್ತದೆ. ಪಟ್ಟಿ ನಾವು ಏನು ಮಾಡುತ್ತೇವೆ ಎನ್ನುತ್ತದೆ.

ಆಮೇಲಿನದು ಎಂಆರ್‌ಪಿ ಕೆಲಸ. ಒಂದು ವಾರಕ್ಕೆ 500 ಫ್ಯಾನ್, ಒಂದಕ್ಕೆ 3 ರೆಕ್ಕೆ, ಒಟ್ಟು 1500. ಸ್ಟೋರ್ಸ್‌ನಲ್ಲಿ 300 ಇವೆ, ಇನ್ನೂ 1200 ಬೇಕು. ಸಪ್ಲೈಯರ್‌ಗೆ 2 ವಾರ ಹಿಡಿಯುತ್ತದೆ, ಹಾಗಾಗಿ 2 ವಾರ ಮುಂಚೆ ಆರ್ಡರ್ ಹೋಗಬೇಕು. ರೆಕ್ಕೆಯನ್ನು ನಾವೇ ಮಾಡುವುದಾದರೆ ಲೆಕ್ಕ ಇನ್ನೊಂದು ಮೆಟ್ಟಿಲು ಇಳಿದು ಅಲ್ಯುಮಿನಿಯಂ ಶೀಟಿಗೆ ಹೋಗುತ್ತದೆ. ಇಲ್ಲಿ ಯಾರೂ ಕೂತು ವಾದ ಮಾಡಬೇಕಿಲ್ಲ. ಸ್ಟಾಕ್ ಅಂಕಿ ಸರಿಯಿರಬೇಕು ಅಷ್ಟೇ. ಅದು ಸರಿಯಿರುವ ಕಾರ್ಖಾನೆ ಎಷ್ಟಿವೆ ಅನ್ನೋದು ಬೇರೆ ಮಾತು!

ಈ ಲೆಕ್ಕದ ಬುನಾದಿ ಹಾಕಿದವರಲ್ಲಿ ಜೋಸೆಫ್ ಆರ್ಲಿಕಿ ಮುಖ್ಯರು. 1975ರಲ್ಲಿ ಅವರ ಎಂಆರ್‌ಪಿ ಪುಸ್ತಕ ಬಂತು. ಫ್ಯಾನಿಗೆ ಎಷ್ಟು ಬೇಡಿಕೆ ಬರುತ್ತದೆ ಎಂದು ಊಹಿಸಬೇಕು. ರೆಕ್ಕೆಯದನ್ನು ಊಹಿಸುವುದು ಸುಮ್ನೆ ವ್ಯರ್ಥ, ಫ್ಯಾನಿನ ಸಂಖ್ಯೆಯಿಂದ ಗುಣಿಸಿದರೆ ಆಯ್ತು. ಅವರು ಒತ್ತಿ ಹೇಳಿದ್ದು ಇದನ್ನೇ.

ಸಾಫ್ಟ್‌ವೇರ್‌ನವರನ್ನು ಕೇಳಿದರೆ "ಎರಡೂ ಒಂದೇ ಸಾರ್, ಸೆಟ್ಟಿಂಗ್ ಬೇರೆ" ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಎಸ್‌ಎಪಿ ಎಂಬ ಇಆರ್‌ಪಿ ಸಾಫ್ಟ್‌ವೇರ್‌ನಲ್ಲಿ ಎಂಪಿಎಸ್‌ಗೆ ಎಂಡಿ40, ಎಂಆರ್‌ಪಿಗೆ ಎಂಡಿ01 ಎಂಬ ಕೋಡ್‌ಗಳಿವೆ, ಒಳಗಿನ ಲೆಕ್ಕದ ದಾರಿ ಹೆಚ್ಚುಕಮ್ಮಿ ಒಂದೇ. ಆದರೆ ಎಂಪಿಎಸ್ ಓಡಿಸಿದಾಗ ಮುಖ್ಯ ಐಟಂಗಳಿಗೆ ಪ್ಲಾನ್ ಮಾಡಿ, ಅವುಗಳ ಕೆಳಗಿನ ಒಂದೇ ಹಂತಕ್ಕೆ ಎಷ್ಟು ಬೇಕು ಎಂದು ಬರೆದು ನಿಲ್ಲುತ್ತದೆ. ಯಾಕೆ ನಿಲ್ಲುತ್ತದೆ? ಮನುಷ್ಯ ನೋಡಿ, ತಿದ್ದಿ, ಒಪ್ಪಲಿ ಅಂತ. ಫ್ಯಾನಿನ ಸಂಖ್ಯೆ ಸ್ವಲ್ಪ ಅಲುಗಾಡಿದರೂ ಕೆಳಗಿನ ನೂರಾರು ಪಾರ್ಟುಗಳ ಆರ್ಡರ್ ಅಲುಗಾಡುತ್ತದೆ. ಇಂಗ್ಲಿಷಿನವರು ಇದನ್ನು ನರ್ವಸ್‌ನೆಸ್ ಎನ್ನುತ್ತಾರೆ. ನನ್ನ ಕರಡಿನಲ್ಲಿ 'ತಳಮಳ' ಎಂದು ಬರೆದಿದ್ದೇನೆ.

ಈಗ ತೊಡಕು. ಇಂಗ್ಲಿಷ್ ಹೆಸರುಗಳನ್ನೇ ಇಡೋಣ ಅಂದರೆ, ಎಂಆರ್‌ಪಿ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಬಿಸ್ಕತ್ ಪ್ಯಾಕೆಟ್ ಮೇಲಿನ ಬೆಲೆ. ಸಾಲದ್ದಕ್ಕೆ ಎಂಆರ್‌ಪಿ ಎರಡು ಎಂಬುದೂ ಇದೆ. ಅದರಲ್ಲಿ ಅಕ್ಷರ ಅವೇ ಮೂರು, ಬಿಡಿಸಿದರೆ ಮ್ಯಾನುಫ್ಯಾಕ್ಚರಿಂಗ್ ರಿಸೋರ್ಸ್ ಪ್ಲಾನಿಂಗ್! 'ಶೆಡ್ಯೂಲ್' ಕೂಡ ಖಾಲಿ ಪದವಲ್ಲ. ದೊಡ್ಡ ಕಂಪನಿಗಳಿಗೆ ಪಾರ್ಟು ಕೊಡುವ ವರ್ಕ್‌ಶಾಪ್‌ಗಳಲ್ಲಿ "ಈ ತಿಂಗಳ ಶೆಡ್ಯೂಲ್ ಬಂತಾ?" ಅಂದರೆ ಗಿರಾಕಿ ಕಂಪನಿ ಕಳಿಸುವ ಪಟ್ಟಿ ಬಂತಾ ಎಂದರ್ಥ. ಅದು ಅವರ ಬೇಡಿಕೆ, ನಮ್ಮ ತೀರ್ಮಾನವಲ್ಲ. 'ವೇಳಾಪಟ್ಟಿ' ಅಂದರೆ ಬಸ್ಸು, ಪರೀಕ್ಷೆ ನೆನಪಾಗುತ್ತದೆ. 'ಯೋಜನೆ' ಅಂತೂ ಸರ್ಕಾರದವರ ಪಾಲಾಗಿದೆ, ಅಲ್ವಾ?

ಸದ್ಯಕ್ಕೆ ಎಂಪಿಎಸ್‌ಗೆ 'ಮುಖ್ಯ ತಯಾರಿಕೆ ಪಟ್ಟಿ' ಎಂದು ಇಟ್ಟಿದ್ದೇನೆ. 'ತಯಾರಿ ಪಟ್ಟಿ' ಅಂದರೆ ಮದುವೆ ತಯಾರಿಯ ಥರ ಕೇಳುತ್ತದೆ, ಅದಕ್ಕೇ 'ತಯಾರಿಕೆ'. ಎಂಆರ್‌ಪಿಗೆ 'ಸಾಮಾನು ಲೆಕ್ಕ' ಚಿಕ್ಕದಾಗಿ ಚೆನ್ನಾಗಿತ್ತು. ಆದರೆ ವರ್ಷದ ಕೊನೆಗೆ ಸ್ಟಾಕ್ ಎಣಿಸುವುದಕ್ಕೂ ಹಾಗೇ ಹೇಳಬಹುದಲ್ಲ. ಹಾಗಾಗಿ 'ಬೇಕಾದ ಸಾಮಾನಿನ ಲೆಕ್ಕ'. ಉದ್ದ ಜಾಸ್ತಿ, ಅರ್ಥ ಮಾತ್ರ ತಪ್ಪುವುದಿಲ್ಲ.

ಇವುಗಳ ಸುತ್ತ ಇರುವ ಪದಗಳಲ್ಲಿ ಒಂದು ತಾನಾಗಿಯೇ ಸಿಕ್ಕಿತು. ಬಿಲ್ ಆಫ್ ಮೆಟೀರಿಯಲ್ಸ್ ಅಂದರೆ ಒಂದು ವಸ್ತುವಿಗೆ ಯಾವ ಭಾಗ ಎಷ್ಟು ಬೇಕು ಎಂಬ ಪಟ್ಟಿ. ಅದನ್ನು 'ಎಕ್ಸ್‌ಪ್ಲೋಡ್' ಮಾಡುವುದಕ್ಕೆ, ಅಂದರೆ ಹಂತಹಂತವಾಗಿ ಕೆಳಗಿನ ಭಾಗಗಳ ಲೆಕ್ಕ ತೆಗೆಯುವುದಕ್ಕೆ, 'ಸ್ಫೋಟ' ಅಂದರೆ ಸ್ಟೋರ್ಸ್‌ನವರು ಓಡಿಹೋದಾರು. 'ಬಿಡಿಸುವುದು' ಸಾಕು. ಬಿಡಿಭಾಗದ ಪಟ್ಟಿ ಬಿಡಿಸುವುದು, ಕಿವಿಗೂ ಹಿತ. 'ಬಿಲ್' ಬಿಟ್ಟಿದ್ದು ಬೇಕೆಂದೇ. ಬಿಲ್ ಅಂದರೆ ದುಡ್ಡು ಕೊಡುವ ಚೀಟಿ ಎಂದೇ ಎಲ್ಲರೂ ತಿಳಿಯುತ್ತಾರೆ.

ತೃಪ್ತಿಯಾಗದೆ ಉಳಿದದ್ದು 'ಟೈಮ್ ಫೆನ್ಸ್'. ಇವತ್ತಿನಿಂದ ಇಷ್ಟು ವಾರದ ಒಳಗಿನ ಪಟ್ಟಿಯನ್ನು ಕಂಪ್ಯೂಟರ್ ತಾನಾಗಿ ಬದಲಿಸಬಾರದು ಎಂದು ಹಾಕುವ ಗಡಿ ಅದು. 'ಬೇಲಿ' ಅನ್ನಲು ಆಸೆ, 'ಗಡಿ ವಾರ' ಅನ್ನುವುದು ಸುಲಭ. ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ: ಹತ್ತಿರದ ವಾರಗಳ ಪ್ಲಾನ್ ಮುಟ್ಟಬೇಡಿ ಅನ್ನುವುದಕ್ಕೆ ನಿಮ್ಮಲ್ಲಿ ಏನನ್ನುತ್ತಿದ್ದರು? 'ಫ್ರೀಜ್' ಬಿಟ್ಟು ಬೇರೆ ಮಾತು ಇತ್ತಾ?