ವಿಮರ್ಶೆ ತೆಗೆಯಿರಿ ಎಂದು ನೋಟಿಸ್ ಬಂದಿದೆ, ತೆಗೆಯಬೇಕೆ?

ಪ್ರಶ್ನೆ (ಮಂಡ್ಯ):
ಮಗಳ ಮದುವೆಗೆ ಹಿಡಿದಿದ್ದ ಕಲ್ಯಾಣ ಮಂಟಪದಲ್ಲಿ ಮುಹೂರ್ತದ ಹೊತ್ತಿಗೇ ನೀರು ಬರುವುದು ನಿಂತಿತು. ಅಡುಗೆಯವರು ಅಕ್ಕಿ ತೊಳೆಯಲು ಟ್ಯಾಂಕರ್ ಬರುವವರೆಗೆ ಕಾದರು. ಮುಂಗಡದಲ್ಲಿ ₹15,000 ಮುರಿದುಕೊಂಡರು. ರಸೀದಿಯ ಹಿಂದೆ ಪೆನ್ಸಿಲ್‌ನಲ್ಲಿ ‘ಜನರೇಟರ್’ ಎಂದಷ್ಟೇ ಬರೆದಿದೆ. ಅಂದು ಕರೆಂಟೇ ಹೋಗಿರಲಿಲ್ಲ! ಇದಿಷ್ಟನ್ನೂ ರಸೀದಿಯ ಚಿತ್ರದೊಡನೆ ಗೂಗಲ್‌ನಲ್ಲಿ ಬರೆದೆ. ಈಗ ವಕೀಲರ ನೋಟಿಸ್ ಬಂದಿದೆ: ತೆಗೆಯಿರಿ, ಇಲ್ಲವೇ ಮಾನನಷ್ಟ ಮೊಕದ್ದಮೆ. ಮನೆಯವರು ಹೆದರಿದ್ದಾರೆ. ನನಗೆ ಹೊಟ್ಟೆ ಉರಿಯುತ್ತಿದೆ. ನಾಳೆ ಇನ್ನೊಬ್ಬರ ಮಗಳ ಮದುವೆಯೂ ಅಲ್ಲೇ ನಡೆಯುತ್ತದಲ್ಲವೇ?

ಉತ್ತರ (ವಕೀಲೆ, ಮೈಸೂರು):
ಸರ್, ನೋಟಿಸ್ ನ್ಯಾಯಾಲಯದ ಆದೇಶವಲ್ಲ. ಹಾಗೆಂದು ಸುಮ್ಮನಿರಬೇಡಿ, ಲಿಖಿತ ಉತ್ತರ ಕೊಡಿ. ಕ್ರಿಮಿನಲ್ ಮಾನಹಾನಿ ಕಾನೂನನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿದಿದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, 2 ವರ್ಷದವರೆಗೆ ಸಜೆ ಆಗಬಹುದು. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ಅಲ್ಲೇ ವಿನಾಯಿತಿಯಿದೆ. ಆದರೆ ಸಾಬೀತು ಮಾಡುವ ಹೊಣೆ ನಿಮ್ಮದು. ರಸೀದಿಯ ಮೂಲಪ್ರತಿ, ಟ್ಯಾಂಕರ್ ಬಿಲ್ಲು ಜೋಪಾನ. ಹಣಕ್ಕಾಗಿ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು.

ಇನ್ನೊಬ್ಬರು (ಶ್ರೀರಂಗಪಟ್ಟಣ):
ಮೇಡಂ, ಮಂಟಪದವರು ನೇರವಾಗಿ ಗೂಗಲ್‌ಗೇ ದೂರು ಕೊಟ್ಟರೆ?

ವಕೀಲೆ:
ಸುಪ್ರೀಂ ಕೋರ್ಟ್‌ನ 2015ರ ಶ್ರೇಯಾ ಸಿಂಘಾಲ್ ತೀರ್ಪಿನಂತೆ, ನ್ಯಾಯಾಲಯದ ಆದೇಶವೋ ಸರ್ಕಾರದ ಸೂಚನೆಯೋ ಬಂದರೆ ಮಾತ್ರ ಗೂಗಲ್‌ಗೆ ತೆಗೆಯಲೇಬೇಕಾದ ಬಾಧ್ಯತೆ. ಆದರೆ ಕಂಪನಿ ತನ್ನದೇ ನಿಯಮದಡಿ ತೆಗೆದುಬಿಡಬಹುದು. ಒಂದು ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಧನ್ಯವಾದ ಮೇಡಂ. ಮಾಲೀಕರ ಮನೆತನದ ಬಗ್ಗೆ ನಾನು ಒಂದಕ್ಷರವನ್ನೂ ಬರೆದಿಲ್ಲ, ವಿಮರ್ಶೆ ಇರುತ್ತದೆ. ಟ್ಯಾಂಕರ್‌ನವರು ಬಿಲ್ಲು ಕೊಡಲು ಒಪ್ಪಿದ್ದಾರೆ. ಸೋಮವಾರ ಉತ್ತರ ಕಳುಹಿಸುತ್ತೇನೆ.