ಒಂದೇ ಗಂಟಲಲ್ಲಿ ಎರಡು ಸ್ವರ: ಮಾಡೆಲ್‌ನಲ್ಲಿ ಇದನ್ನು ತರೋದು ಹೇಗೆ?

ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿ:
ನಮ್ಮಕ್ಕ ಬೇಲೂರು ಕಡೆ ಶಾಲೆಯಲ್ಲಿ ಟೀಚರ್. ಥೈರಾಯ್ಡ್ ಆಪರೇಷನ್ ಆದಮೇಲೆ ಒಂದು ಕಡೆಯ ಧ್ವನಿತಂತುವಿನ ನರಕ್ಕೆ ಬಲ ಕಮ್ಮಿಯಾಗಿದೆ. ಮೆಲ್ಲಗೆ ಮಾತಾಡಿದರೆ ಪರವಾಗಿಲ್ಲ, ಆದರೆ ಕ್ಲಾಸಲ್ಲಿ ಗಂಟಲು ಏರಿಸಿದ ಕೂಡಲೇ ಧ್ವನಿ ಒಡೆದು ಎರಡು ಸ್ವರ ಒಟ್ಟಿಗೆ ಬಂದಹಾಗೆ ಕೇಳುತ್ತದೆ. ಇದನ್ನೇ ಪ್ರಾಜೆಕ್ಟಿಗೆ ತಗೊಂಡಿದ್ದೇನೆ. ಧ್ವನಿತಂತುಗಳು ಅದುರೋದನ್ನು ಲೆಕ್ಕದಲ್ಲಿ ತೋರಿಸುವ 1972ರ ಇಶಿಝಾಕಾ-ಫ್ಲಾನಗನ್ ಮಾಡೆಲನ್ನು ಕಂಪ್ಯೂಟರಿನಲ್ಲಿ ಬರೆದೆ. ಪ್ರತಿ ತಂತುವಿಗೆ ಕೆಳಗೊಂದು, ಮೇಲೊಂದು ಮಾಸ್ (ತೂಕದ ತುಂಡು), ಜೊತೆಗೆ ಸ್ಪ್ರಿಂಗ್, ಅದುರುವಿಕೆ ತಗ್ಗಿಸುವ ಡ್ಯಾಂಪರ್. ಬಲಗಡೆ ಸ್ಪ್ರಿಂಗನ್ನು ಶೇ 10 ಸಡಿಲ ಮಾಡಿದರೂ ಎರಡೂ ಕಡೆ ಒಂದೇ ಫ್ರೀಕ್ವೆನ್ಸಿಯಲ್ಲೇ ಅದುರುತ್ತಿವೆ. ಹಾಗಾದರೆ ಅಕ್ಕನ ಧ್ವನಿ ಯಾಕೆ ಒಡೆಯುತ್ತದೆ?

ಚಿಕ್ಕಮಗಳೂರು ಮೇಷ್ಟ್ರು:
ನಿಮ್ಮ ಮಾಡೆಲ್ ಸರಿಯಾಗೇ ಇದೆ, ಸಡಿಲ ಮಾಡಿದ್ದು ಸಾಲದು. ಸ್ಪ್ರಿಂಗ್ ಮಾತ್ರ ಶೇ 10 ಇಳಿಸಿದರೆ ಫ್ರೀಕ್ವೆನ್ಸಿ ಬರೀ ಶೇ 5ರಷ್ಟು ಇಳಿಯುತ್ತದೆ, ಅದು ವರ್ಗಮೂಲದ ಲೆಕ್ಕ ಅಲ್ವಾ. ಎರಡೂ ತಂತುಗಳ ನಡುವೆ ಹರಿಯೋದು ಒಂದೇ ಗಾಳಿ, ಮೇಲಾಗಿ ಅವು ಒಂದಕ್ಕೊಂದು ಬಡಿಯುತ್ತವೆ. ಹಾಗಾಗಿ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ, ಒಂದು ಸ್ವಲ್ಪ ನಿಧಾನ ಇದ್ದರೂ ಹೆಜ್ಜೆ ಕೂಡಿಕೊಂಡೇ ಹೋಗುತ್ತದೆ.

1995ರಲ್ಲಿ ಸ್ಟೈನೆಕೆ ಮತ್ತು ಹರ್ಜೆಲ್ ಅನ್ನುವ ಸಂಶೋಧಕರು ಇದನ್ನೇ ಲೆಕ್ಕ ಹಾಕಿದರು. ಕ್ಯೂ ಅಂತ ಒಂದು ಸಂಖ್ಯೆ ಇಟ್ಟುಕೊಳ್ಳಿ. ದುರ್ಬಲ ಕಡೆಯ ಮಾಸನ್ನು ಕ್ಯೂನಿಂದ ಭಾಗಿಸಿ, ಸ್ಪ್ರಿಂಗಿನ ಬಿಗಿಯನ್ನು ಕ್ಯೂನಿಂದ ಗುಣಿಸಿ, ಆಗ ಆ ಕಡೆಯ ಫ್ರೀಕ್ವೆನ್ಸಿ ಸರಿಯಾಗಿ ಕ್ಯೂ ಪಟ್ಟು ಆಗುತ್ತದೆ. ಅದನ್ನು 1ರಿಂದ ನಿಧಾನಕ್ಕೆ 0.5ರ ಹತ್ತಿರಕ್ಕೆ ಇಳಿಸುತ್ತಾ ಬನ್ನಿ, ಜೊತೆಗೆ ಶ್ವಾಸಕೋಶದ ಒತ್ತಡವನ್ನೂ ಏರಿಸಿ ನೋಡಿ. ಮಾಮೂಲಿ ಮಾತಿಗೆ ಸುಮಾರು 8 ಸೆಂ.ಮೀ. ನೀರಿನ ಒತ್ತಡ ಸಾಕು, ಅದಕ್ಕಿಂತ ಜಾಸ್ತಿ ಮಾಡಿದಾಗ ಹಿಡಿತ ತಪ್ಪುತ್ತದೆ. ಒಂದು ಕಡೆ ಎರಡು ಸುತ್ತು ಮುಗಿಸುವಷ್ಟರಲ್ಲಿ ಇನ್ನೊಂದು ಕಡೆ ಒಂದೇ ಸುತ್ತು. ಕಿವಿಗೆ ಕೆಳಗಿನ ಸ್ವರವೂ ಸೇರಿ ಕೇಳುತ್ತದೆ. ಅಕ್ಕ ಜೋರಾಗಿ ಮಾತಾಡಿದಾಗಲೇ ಒಡೆಯೋದಕ್ಕೆ ಒಂದು ಕಾರಣ ಇದೇ ಇರಬಹುದು.

ಸಕಲೇಶಪುರ:
ಒಂದೇ ಮಾಸ್ ಇಟ್ಟರೆ ಆಗಲ್ವಾ?

ಚಿಕ್ಕಮಗಳೂರು ಮೇಷ್ಟ್ರು:
ಆಗುತ್ತದೆ, ಆದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ತಂತುವಿನ ಕೆಳ ಅಂಚು ಮೊದಲು ತೆರೆಯುತ್ತದೆ, ಮೇಲಂಚು ಹಿಂದೆ ಬರುತ್ತದೆ. ಹೀಗಾಗಿ ತೆರೆಯುವಾಗ ಗಾಳಿಯ ತಳ್ಳು ಜಾಸ್ತಿ, ಮುಚ್ಚುವಾಗ ಕಮ್ಮಿ. ಆ ವ್ಯತ್ಯಾಸದಿಂದಲೇ ತಂತುವಿಗೆ ಶಕ್ತಿ ಸಿಗೋದು.

ಸ್ಪೀಚ್ ಥೆರಪಿಸ್ಟ್, ಹಾಸನ:
ಒಂದು ಮಾತು ಸೇರಿಸುತ್ತೇನೆ ತಮ್ಮಾ. ನರ ಸೋತಾಗ ಬಿಗಿ ಮಾತ್ರ ಕಮ್ಮಿಯಾಗೋದಿಲ್ಲ, ಎಷ್ಟೋ ಸಲ ಆ ತಂತು ನಡುವಿನವರೆಗೆ ಬರೋದೇ ಇಲ್ಲ, ಸಂದು ಉಳಿದುಬಿಡುತ್ತದೆ. ಮಾಡೆಲ್‌ನಲ್ಲಿ ಆ ಸಂದನ್ನೂ ಇಡಿ, ಇಲ್ಲದಿದ್ದರೆ ಗಾಳಿ ಸೋರುವ ಉಸಿರು ಧ್ವನಿ ಬರೋದಿಲ್ಲ. ಇನ್ನೊಂದು, ಸ್ಟ್ರೋಬೋಸ್ಕೋಪಿ (ಮಿನುಗುವ ಬೆಳಕಿನಲ್ಲಿ ತಂತು ನೋಡುವ ಪರೀಕ್ಷೆ) ವಿಡಿಯೋ ಜೊತೆ ಹೋಲಿಸಲು ಹೋಗಬೇಡಿ. ಕಂಪನ ಕ್ರಮವಾಗಿದ್ದರೆ ಮಾತ್ರ ಅದು ನಂಬಬಹುದಾದ ಚಿತ್ರ ಕೊಡುತ್ತದೆ, ಒಡೆದ ಧ್ವನಿಗೆ ಸೆಕೆಂಡಿಗೆ ಸಾವಿರಾರು ಫ್ರೇಮ್ ತೆಗೆಯುವ ಕ್ಯಾಮೆರಾ ಬೇಕು.

ಅಕ್ಕನಿಗೆ ಕ್ಲಾಸಿನಲ್ಲಿ ಒಂದು ಸಣ್ಣ ಮೈಕ್ ಕೊಡಿಸಿ, ಗಂಟಲು ಏರಿಸುವ ಪ್ರಮೇಯವೇ ಬರಬಾರದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಒಮ್ಮೆ ತೋರಿಸಿ. ತಡಮಾಡಬೇಡಿ.